ಏಳು ಸಲ ಉಂಡ ನಾಯಿ

ಮೂರನೇ ವಾರ ಮುಗಿಯುತ್ತ ಬಂದರೂ ಆ ನಾಯಿಮರಿಯ ತಲೆಗೆ ‘ಕೂಡು’ ಎನ್ನುವ ಒಂದು ಮಾತು ಹತ್ತಿರಲಿಲ್ಲ. ಮಹಾನಂದಾ ಬೆರಳೆತ್ತಿ ತೋರಿಸಿದಳು, ಸೊಂಟ ಮೆಲ್ಲಗೆ ಒತ್ತಿ ಕೂರಿಸಿದಳು, ಮೂಗಿನ ಮುಂದೆ ರೊಟ್ಟಿಯ ಚೂರು ಹಿಡಿದಳು. ನಾಯಿ ಚೂರನ್ನು ಮೂಸಿ, ಮುಖ ತಿರುಗಿಸಿ, ಉಸ್ಸೆಂದು ನೆಲದ ಮೇಲೆ ಚಾಚಿಕೊಂಡು ಮಲಗಿಬಿಟ್ಟಿತು. ಏಳು ತಿಂಗಳ ಮರಿ ಬೆಳಗಿನ ಒಂಬತ್ತು ಗಂಟೆಗೆ ಊಟ ಮುಗಿಸಿದ ಸಾಹುಕಾರನ ಹಾಗೆ ಕಣ್ಣು ಮುಚ್ಚುವುದೆಂದರೇನು?

ಬ್ರೂಕ್‌ಫೀಲ್ಡಿನ ಆ ಅಪಾರ್ಟ್‌ಮೆಂಟಿನಲ್ಲಿ ನಾಯಿಗಳಿಗೆಂದು ಬಿಟ್ಟಿದ್ದ ಜಾಗ ಕಟ್ಟಡದ ಹಿಂದೆ, ಕೊಳಚೆ ನೀರು ಸೋಸುವ ಯಂತ್ರಗಳ ಪಕ್ಕದಲ್ಲಿತ್ತು. ಅಲ್ಲಿಯ ಗಡಗಡ ಸದ್ದಿನಲ್ಲಿ ಮಹಾನಂದಾ ಗಂಟಲು ಹರಿದುಕೊಂಡು ‘ಕೂಡು, ಕೂಡು’ ಎಂದು ಕೂಗುವುದನ್ನು ಮೇಲಿನ ಬಾಲ್ಕನಿಗಳಿಂದ ಜನ ನೋಡುತ್ತಿದ್ದರು. ಅವಳಿಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು. ಯಾರ ಮೇಲೆ ಎಂಬುದು ಇನ್ನೂ ಗೊತ್ತಾಗಿರಲಿಲ್ಲ, ಅಷ್ಟೇ.

ಅವಳು ಮುಧೋಳದ ಕಡೆಯವಳು. ಅವಳ ಕಾಕಾ ಬಸಲಿಂಗ ಬೇಟೆನಾಯಿ ಸಾಕುತ್ತಿದ್ದವನು. ನಡೆಯಲು ಕಲಿಯುವ ಮೊದಲೇ ಅವಳು ನಾಯಿಮರಿಗಳ ನಡುವೆ ತೆವಳಿದ್ದಳು. ಬೆಂಗಳೂರಿಗೆ ಬಂದು ಒಂದು ವರ್ಷ ಕಟ್ಟಡದ ಕೆಲಸದಲ್ಲಿ ಸಿಮೆಂಟು ಹೊತ್ತಳು. ಆಮೇಲೆ ಮಾದನಾಯಕನಹಳ್ಳಿಯಲ್ಲಿ ಗೋದಾಮುಗಳಿಗೆ ಕಾವಲು ನಾಯಿ ಕಳಿಸುವ ಒಂದು ಏಜೆನ್ಸಿ ಸೇರಿ, ಆರು ವರ್ಷ ನಾಯಿಗಳಿಗೆ ಪಾಠ ಹೇಳಿದಳು. ಈಗ ಸರ್ಜಾಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಸ್ಕೂಟಿಯ ಮೇಲೆ ಮನೆಮನೆಗೆ ಹೋಗಿ ನಾಯಿಗಳನ್ನು ಪಳಗಿಸುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಕಚ್ಚುವ ನಾಯಿ ಕಂಡಿದ್ದಳು, ಅಂಜುವ ನಾಯಿ ಕಂಡಿದ್ದಳು. ಇಷ್ಟು ಮಂಕಾದ ನಾಯಿಯನ್ನು ಮಾತ್ರ ಕಂಡಿರಲಿಲ್ಲ.

ಈ ನಾಯಿ ಮಂಕಾಗಿರುವ ಹಾಗೂ ಇರಲಿಲ್ಲ, ಅದಕ್ಕೊಂದು ಕೆಲಸವಿತ್ತು. ನಾಲ್ಕನೇ ಮಹಡಿಯ ಸೌಮ್ಯಾಳ ಅಪ್ಪ ಇರಣ್ಣನವರಿಗೆ ಮರೆವಿನ ಕಾಯಿಲೆ. ರಾಣೆಬೆನ್ನೂರಿನ ಸುತ್ತಮುತ್ತ ಮೂವತ್ತನಾಲ್ಕು ವರ್ಷ ಸರ್ವೇಯರ್ ಆಗಿದ್ದವರು. ಎರಡು ವರ್ಷದಿಂದ ಹೆಂಡತಿ ಕಮಲಮ್ಮನ ಜೊತೆ ಮಗಳ ಮನೆಯಲ್ಲಿದ್ದರು. ಇದ್ದಕ್ಕಿದ್ದ ಹಾಗೆ ‘ಅಳತಿ ಐತಿ’ ಎಂದು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದರು. ಯಾವುದೋ ಕಾಂಪೌಂಡಿನ ಪಕ್ಕ ಹೆಜ್ಜೆ ಎಣಿಸುತ್ತ ಹೋಗಿ, ಎಣಿಕೆ ತಪ್ಪಿದಲ್ಲಿ ನಿಂತು, ಮನೆಯ ದಾರಿಯನ್ನೇ ಮರೆಯುತ್ತಿದ್ದರು. ಎಲ್ಲಿದ್ದಾರೆಂದು ತೋರಿಸುವ ಗಡಿಯಾರ ಕಟ್ಟಿದರೆ ಬಿಚ್ಚಿ ಅಕ್ಕಿ ಡಬ್ಬಿಯಲ್ಲಿಡುತ್ತಿದ್ದರು. ನೋಡಿಕೊಳ್ಳಲು ಬಂದ ಇಬ್ಬರು ಆಳುಗಳನ್ನು ಕಳ್ಳರೆಂದು ಬೈದು ಓಡಿಸಿದ್ದರು. ಸೌಮ್ಯಾ ತಂದ ನಾಯಿಮರಿಯನ್ನು ಮಾತ್ರ ಅವರು ಹತ್ತಿರ ಸೇರಿಸಿದರು. ಅದಕ್ಕೇ ಸೌಮ್ಯಾ ಮಹಾನಂದಾಳನ್ನು ಹುಡುಕಿ ಕರೆಸಿದ್ದು. ಅಪ್ಪ ಗೇಟು ದಾಟಿದರೆ ನಾಯಿ ಬೊಗಳಬೇಕು, ಕಳೆದುಹೋದರೆ ವಾಸನೆ ಹಿಡಿದು ಹುಡುಕಬೇಕು.

“ಎಂಟು ತಿಂಗಳು ಬೇಕಾಗ್ತೈತ್ರಿ ಮೇಡಂ,” ಎಂದು ಮಹಾನಂದಾ ಮೊದಲ ದಿನವೇ ಹೇಳಿದ್ದಳು.

“ಮೂರು ತಿಂಗಳಲ್ಲಿ ಮಾಡಿ ಪ್ಲೀಸ್. ನನಗೆ ಟೈಮಿಲ್ಲ,” ಎಂದಿದ್ದಳು ಸೌಮ್ಯಾ. ಆ ಮಾತಿನಲ್ಲಿ ದರ್ಪವಿರಲಿಲ್ಲ, ಹೆದರಿಕೆಯಿತ್ತು. ಅದಕ್ಕೇ ಮಹಾನಂದಾ ಒಪ್ಪಿಕೊಂಡಿದ್ದಳು.

ಅಂದು ಮಲಗಿದ ನಾಯಿಯ ಪಕ್ಕ ಕೂತು ಅವಳು ಅದರ ಮೈ ಸವರಿ ನೋಡಿದಳು. ಕೂದಲು ಒಣಹುಲ್ಲಿನಂತೆ ಒರಟು. ಹೊಟ್ಟೆ ಗುಂಡಗೆ, ಪಕ್ಕೆಯ ಮೇಲೆ ಮೆತ್ತನೆಯ ಕೊಬ್ಬು, ತೊಡೆಯಲ್ಲಿ ಮಾಂಸವೇ ಇಲ್ಲ. ನಾಯಿಯನ್ನು ಎಬ್ಬಿಸಿ ಮೇಲೆ ಕರೆದುಕೊಂಡು ಹೋಗಿ ಕಮಲಮ್ಮನನ್ನು ಕೇಳಿದಳು: “ಅಮ್ಮಾರ, ಇದಕ್ಕ ಏನ್ ಹಾಕ್ತೀರಿ?”

“ನಾವು ಉಣ್ಣೂದ ಹಾಕ್ತೇವಿ. ಮುಂಜಾನೆ ಹಾಲು ಚಪಾತಿ, ಮಧ್ಯಾಹ್ನ ಮೊಸರನ್ನ, ಸಂಜಿಗೆ ಮತ್ತ ಹಾಲನ್ನ. ಯಾಕ?”

“ಇದು ಬೆಳಿಯೂ ಮರಿ ಐತ್ರಿ. ಮೈ ಬೆಳದಂಗ ಮಿದುಳೂ ಬೆಳೀಬೇಕಲ್ರಿ? ಬರೇ ಅನ್ನ, ಹಾಲಿನಾಗ ಆಗೂದಿಲ್ಲ. ದಿನಾ ಒಂದು ಮೊಟ್ಟಿ, ವಾರಕ್ಕ ಮೂರು ಸಲ ಮೀನು…”

ಕಮಲಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ.

“ಯವ್ವಾ, ಹುಟ್ಟಿದಾಗಿಂದ ನಾ ಈ ಕೈಲೆ ಮೊಟ್ಟಿ ಮುಟ್ಟಿಲ್ಲ. ಈ ಮನ್ಯಾಗ ಲಿಂಗಪೂಜಿ ಆಗ್ತೈತಿ. ನಾಯಿ ಇಲ್ಲಿ ಇರಬೇಕಂದ್ರ ನಮ್ಮಂಗ ಇರಲಿ.”

ಮಾದನಾಯಕನಹಳ್ಳಿಯಲ್ಲಿ ಮಹಾನಂದಾ ಕಣ್ಣಾರೆ ಕಂಡ ಸಂಗತಿಯೊಂದಿತ್ತು. ಒಂದೇ ತಾಯಿಯ ಎಂಟು ಮರಿಗಳಲ್ಲಿ ನಾಲ್ಕು ಅರಿಸಿನದ ಅನ್ನ ತಿಂದು ಬೆಳೆದವು. ಇನ್ನು ನಾಲ್ಕನ್ನು ಬೇರೆ ಶೆಡ್ಡಿನವನು ಮೀನು, ಮೊಟ್ಟೆ ಹಾಕಿ ಸಾಕಿದ. ಮೀನು ತಿಂದವು ಹತ್ತು ಸಲಕ್ಕೆ ಕಲಿತದ್ದನ್ನು ಅನ್ನ ತಿಂದವು ಮೂವತ್ತು ಸಲಕ್ಕೂ ಕಲಿಯಲಿಲ್ಲ. ಅಲ್ಲಿಗೆ ಬರುತ್ತಿದ್ದ ಪಶುವೈದ್ಯರು, ಮೀನಿನ ಕೊಬ್ಬು ಮರಿಯ ಮಿದುಳು ಬೆಳೆಯಲು ಬೇಕೆಂದು ಹೇಳಿದ್ದರು. ಇದನ್ನೆಲ್ಲ ಕಮಲಮ್ಮನ ಮುಂದೆ ಹೇಗೆ ಹೇಳುವುದು? ಅವಳು ಕೆಳಗಿಳಿದು ಬಂದಳು.

ಸಂಜೆ ಫೋನಿನಲ್ಲಿ ಸೌಮ್ಯಾಳಿಗೆ ಹೇಳಿದಳು. ಎರಡು ದಿನ ಬಿಟ್ಟು ಬಂದಾಗ ಅಡುಗೆಕಟ್ಟೆಯ ಮೇಲೆ ಒಂದು ದೊಡ್ಡ ಡಬ್ಬಿ ಕೂತಿತ್ತು. ಅದರ ಮೇಲೆ ಕನ್ನಡಕ ಹಾಕಿಕೊಂಡ ನಾಯಿಯ ಚಿತ್ರ, ತಲೆಯೊಳಗೆ ಹೊಳೆಯುವ ಮಿದುಳು.

“ಪೂರ್ತಿ ವೆಜ್. ಬ್ರೈನ್ ಪೌಡರ್ ಅಂತೆ. ರಿವ್ಯೂ ಎಲ್ಲ ಸೂಪರ್ ಆಗಿದೆ,” ಎಂದಳು ಸೌಮ್ಯಾ, ಲ್ಯಾಪ್‌ಟಾಪಿನಿಂದ ಕಣ್ಣು ಎತ್ತದೆ.

ಮಹಾನಂದಾ ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳ ಫೋಟೋ ತೆಗೆದು, ಪರಿಚಯದ ಪಶುವೈದ್ಯೆ ಡಾಕ್ಟರ್ ವೇಣಿಗೆ ಕಳಿಸಿದಳು. ಅರ್ಧ ಗಂಟೆಯಲ್ಲಿ ಉತ್ತರ ಬಂತು: “ಜೋಳದ ಹಿಟ್ಟು, ಸಕ್ಕರೆ, ಬಣ್ಣ. ಡಬ್ಬಿ ಚೆನ್ನಾಗಿದೆ, ತೊಳೆದು ಬೇಳೆ ತುಂಬಿಡೋಕೆ ಹೇಳಿ.” ಬೇರೆ ಹೊತ್ತಾಗಿದ್ದರೆ ಮಹಾನಂದಾಳಿಗೆ ನಗು ಬರುತ್ತಿತ್ತು.

ಮೊಟ್ಟೆ ಬೇಡವೆಂದರೆ ಬೇಡ, ಇರುವುದರಲ್ಲೇ ಏನಾದರೂ ಮಾಡೋಣ ಎಂದು ಅವಳು ಒಂದು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಹಾಲು ಪೂರ್ತಿ ಬಂದ್, ಪನೀರು, ಬೆಂದ ಬೇಳೆ, ಕುಂಬಳಕಾಯಿ, ಅಗಸೆ ಪುಡಿ, ದಿನಕ್ಕೆ ಎರಡೇ ಊಟ, ಪಾಠ ಮುಗಿಯುವ ತನಕ ಬೆಳಗಿನ ಊಟವಿಲ್ಲ. ‘ಹೊಟ್ಟಿ ತುಂಬಿದ ನಾಯಿಗೆ ಕಿವಿ ಇರೂದಿಲ್ಲ’ ಎಂದು ಕಾಕಾ ಹೇಳುತ್ತಿದ್ದ. ಕಮಲಮ್ಮ ಪಟ್ಟಿಯನ್ನು ಓದಿ, “ಹೂಂ, ಇದಾದ್ರ ಆಗ್ತೈತಿ,” ಎಂದರು. ಅವರು ಮಾತಿನಂತೆ ನಡೆದುಕೊಂಡರು ಕೂಡ.

ಎರಡು ವಾರ ಕಳೆದವು. ಪಾಠದ ಹೊತ್ತಿಗೆ ನಾಯಿ ಹಸಿದಿರಬೇಕಿತ್ತು, ಹಸಿದಿರಲಿಲ್ಲ. ಪನೀರಿನ ಚೂರು ತೋರಿಸಿದರೆ ನೋಡುತ್ತಿತ್ತು, ನೋಡಿ ಆಕಳಿಸುತ್ತಿತ್ತು. ಇನ್ನೊಂದು ತೊಡಕೂ ಇತ್ತು. ಸೌಮ್ಯಾ ಅದನ್ನು ‘ಬ್ರೌನಿ’ ಎನ್ನುತ್ತಿದ್ದಳು. ಇರಣ್ಣನವರು, ಐವತ್ತು ವರ್ಷದ ಹಿಂದೆ ಸತ್ತ ಯಾವುದೋ ನಾಯಿಯ ನೆನಪಿನಲ್ಲಿ, ‘ಮೋತಿ’ ಎನ್ನುತ್ತಿದ್ದರು. ಕಮಲಮ್ಮ ‘ಇಗೋ’ ಎನ್ನುವ ಹಾಗೆ ‘ಏ ಇಕಾ’ ಎನ್ನುತ್ತಿದ್ದರು. ಯಾರು ಕರೆದರೂ ನಾಯಿ ಒಂದೇ ತೆರನಾಗಿ ಬಾಲ ಅಲ್ಲಾಡಿಸುತ್ತಿತ್ತು, ಯಾರ ಹತ್ತಿರವೂ ಬರುತ್ತಿರಲಿಲ್ಲ.

ಒಂದು ಗುರುವಾರ ವೈಟ್‌ಫೀಲ್ಡಿನ ಇನ್ನೊಂದು ಮನೆಯ ಪಾಠ ರದ್ದಾಗಿ ಮಹಾನಂದಾ ಮಧ್ಯಾಹ್ನವೇ ಬಂದಳು. ಕಮಲಮ್ಮ ಒಳಗೆ ಅಡ್ಡಾಗಿದ್ದರು. ಸೌಮ್ಯಾ ಕೋಣೆಯ ಬಾಗಿಲು ಹಾಕಿಕೊಂಡು ಮೀಟಿಂಗಿನಲ್ಲಿದ್ದಳು. ಬಾಲ್ಕನಿಯಲ್ಲಿ ಇರಣ್ಣನವರು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು, ಕಾಲ ಬುಡದಲ್ಲಿ ನಾಯಿ. ಅವರು ನೆಹರೂ ಷರ್ಟಿನ ಜೇಬಿನಿಂದ ಒಂದು ಬಿಸ್ಕತ್ತು ತೆಗೆದು ಕೊಟ್ಟರು. “ಪಾಪ, ಮುಂಜಾನಿಂದ ಏನೂ ತಿಂದಿಲ್ಲ ನೀ,” ಎಂದು ತಲೆ ಸವರಿದರು. ನಾಯಿ ತಿಂದಿತು. ಇರಣ್ಣನವರು ಹೊರಗಿನ ಮೆಟ್ರೋ ಕಂಬಗಳನ್ನು ನೋಡಿದರು. ಮತ್ತೆ ತಿರುಗಿ ನಾಯಿಯನ್ನು ಈಗಷ್ಟೇ ಕಂಡವರ ಹಾಗೆ ಮುಖ ಅರಳಿಸಿದರು. “ಮೋತಿ! ಪಾಪ, ಮುಂಜಾನಿಂದ ಏನೂ ತಿಂದಿಲ್ಲ ನೀ.”

ಮಹಾನಂದಾ ಬಾಗಿಲಲ್ಲೇ ನಿಂತು ಎಣಿಸಿದಳು. ಒಂದು ಗಂಟೆಯಲ್ಲಿ ಏಳು ಸಲ. ಬಿಸ್ಕತ್ತು ಮುಗಿದಾಗ ಅವರು ಎದ್ದು ಹೋಗಿ ದೇವರ ಜಗುಲಿಯ ಮೇಲಿನ ಪ್ರಸಾದದ ಬುಂದಿ ಲಾಡು ತಂದರು. ಅದರಲ್ಲಿ ಒಣದ್ರಾಕ್ಷಿ ಕಾಣುತ್ತಿತ್ತು.

“ಅಜ್ಜಾರ, ಬ್ಯಾಡ್ರಿ!” ಅವಳು ಓಡಿಹೋಗಿ ಅವರ ಕೈಯಿಂದ ಲಾಡು ಕಿತ್ತುಕೊಂಡಳು. “ದ್ರಾಕ್ಷಿ ನಾಯಿಗೆ ವಿಷ ಐತ್ರಿ.”

ಇರಣ್ಣನವರು ನಾಯಿಗೆ ಅಡ್ಡವಾಗಿ ನಿಂತರು. “ಯಾರ್ ನೀ? ನನ್ನ ನಾಯಿಗೆ ನಾ ಉಣಸಬಾರದೇನ? ಉಪಾಸ ಕೆಡವಿ ಕೊಲ್ತೀ ಏನ್ ಅದನ್ನ?” ಎಂದು ಕೂಗಿದರು.

ಕೂಗು ಕೇಳಿ ಕಮಲಮ್ಮ ಎದ್ದು ಬಂದರು, ಸೌಮ್ಯಾ ಕಿವಿಯ ಹೆಡ್‌ಫೋನ್ ಕಿತ್ತುಕೊಂಡು ಬಂದಳು. ಮಹಾನಂದಾ ಕಂಡದ್ದನ್ನು ಕಂಡ ಹಾಗೆ ಹೇಳಿದಳು.

“ಅಂದ್ರೆ ಏನು ಹೇಳ್ತಿದ್ದೀರ? ಎಲ್ಲಾ ನಮ್ಮಪ್ಪಂದೇ ತಪ್ಪಾ?” ಸೌಮ್ಯಾಳ ದನಿ ಏರಿತು. “ಅವರಿಗೆ ಹುಷಾರಿಲ್ಲ ಅಂತಾನೇ ನಿಮ್ಮನ್ನ ಕರೆಸಿದ್ದು. ನಾಯಿಗೆ ಕಲಿಸೋಕಾಗ್ದೆ ಅವರ ಮೇಲೆ ಹಾಕ್ತೀರಲ್ಲ!”

“ತಪ್ಪು ಅಂತ ಯಾರು ಅಂದ್ರು ಮೇಡಂ? ಕಾರಣ ಹೇಳಿದೆ ನಾನು.”

ಸೌಮ್ಯಾ ಕೋಣೆಯ ಬಾಗಿಲು ಧಡಾರನೆ ಹಾಕಿಕೊಂಡಳು. ಕಮಲಮ್ಮ ಗಂಡನನ್ನು ಕೂರಿಸಿ, ನೀರು ಕುಡಿಸಿ, ಮಹಾನಂದಾಳನ್ನು ಅಡುಗೆಮನೆಗೆ ಕರೆದರು.

“ನನಗ ಗೊತ್ತಿತ್ತು,” ಎಂದರು ಮೆಲುದನಿಯಲ್ಲಿ.

“ಗೊತ್ತಿದ್ದೂ ಹೇಳಲಿಲ್ಲಲ್ರಿ ಅಮ್ಮಾರ! ಒಂದು ತಿಂಗಳಾತು ನಾ ತಲಿ ಚಚ್ಚಿಕೊಳ್ಳಾಕತ್ತು!”

“ಏನ್ ಹೇಳ್ಲಿ? ನನ್ನ ಹೆಸರ ಮರತ್ರು. ಮಗಳ ಹೆಸರ ಒಮ್ಮೆ ನೆನಪಿರತೈತಿ, ಒಮ್ಮೆ ಇರೂದಿಲ್ಲ. ತಾವು ಉಂಡದ್ದೂ ಮರೀತಾರ. ಒಂದು ಜೀವಕ್ಕ ಉಣಸಬೇಕು ಅನ್ನೂದೊಂದು ಮರತಿಲ್ಲ. ಅದನ್ನೂ ಕಸಗೋಳ್ಲೇನು ನಾನು?”

ಮಹಾನಂದಾಳ ಸಿಟ್ಟು ಇಳಿಯಲಿಲ್ಲ. ಅವರ ಮಾತೂ ಸುಳ್ಳಲ್ಲ, ತನ್ನ ಮಾತೂ ಸುಳ್ಳಲ್ಲ. ಇಬ್ಬರ ನಡುವೆ ಆ ಮೂಕಪ್ರಾಣಿ ಹಿಟ್ಟು ಸಕ್ಕರೆ ತಿಂದು ದಪ್ಪಗಾಗುತ್ತಿತ್ತು. ಮನೆಗೆ ಹೋಗುವಾಗ ವರ್ತೂರಿನ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಸ್ಕೂಟಿಯ ಮೇಲೆ ನಿಂತು ಅವಳು ಮನಸ್ಸಿನಲ್ಲೇ ಎಲ್ಲರನ್ನೂ ಬೈದಳು, ಕೊನೆಗೆ ತನ್ನನ್ನೂ ಬೈದುಕೊಂಡಳು.

ಮುಂದಿನ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಸೌಮ್ಯಾಳ ಫೋನ್ ಬಂತು. ಅಪ್ಪ ಇಲ್ಲ. ಕಸದ ಗಾಡಿಗೆಂದು ಹಿಂದಿನ ಗೇಟು ತೆರೆದಾಗ ಹೋಗಿಬಿಟ್ಟಿದ್ದಾರೆ. ಒಂದು ಗಂಟೆಯಾಯಿತು.

ಮಹಾನಂದಾ ಬಂದಾಗ ಗೇಟಿನ ಬಳಿ ಜನ ಸೇರಿದ್ದರು. ಸೌಮ್ಯಾ ಚಪ್ಪಲಿಯಿಲ್ಲದೆ ನಿಂತಿದ್ದಳು. “ನಾಯೀನ ಬಿಡಿ, ಬೇಗ! ಇದಕ್ಕೇ ಅಲ್ವಾ ಕಲಿಸಿದ್ದು?”

ಇನ್ನೂ ಅದಕ್ಕೆ ಏನೂ ಬರುವುದಿಲ್ಲ ಎಂದು ಹೇಳುವ ಹೊತ್ತು ಅದಾಗಿರಲಿಲ್ಲ. ಮಹಾನಂದಾ ಇರಣ್ಣನವರ ಹೆಗಲ ಟವೆಲ್ಲನ್ನು ನಾಯಿಯ ಮೂಗಿಗೆ ಹಿಡಿದು, “ಹುಡುಕು” ಎಂದಳು. ನಾಯಿ ಟವೆಲ್ಲು ಮೂಸಿ ಬಾಲ ಅಲ್ಲಾಡಿಸಿತು. ಗೇಟು ದಾಟಿತು. ಹಗ್ಗ ಎಳೆದುಕೊಂಡು ಇಪ್ಪತ್ತು ಹೆಜ್ಜೆ ಓಡಿದ ನಾಯಿ ಮೂಲೆಯ ಬೇಕರಿಯ ಮುಂದೆ ನಿಂತು, ಬಿಸ್ಕತ್ತಿನ ಭರಣಿಗಳನ್ನು ನೋಡುತ್ತ ಜೊಲ್ಲು ಸುರಿಸಿತು. ಅಲ್ಲಿಂದ ಕದಲಲಿಲ್ಲ. ಎಳೆದರೆ ಮಲಗಿತು. ಬೇಕರಿಯವನು, “ದಿನಾ ಅಮ್ಮನ ಜೊತೆ ನಾಯಿ ಕರ್ಕೊಂಡು ಬಿಸ್ಕತ್ತಿಗೆ ಬರ್ತಾರೆ, ಅಜ್ಜ ಇವತ್ತು ಬಂದಿಲ್ಲ ಅಕ್ಕ,” ಎಂದ. ಹಿಂದೆ ಬಂದಿದ್ದವರಲ್ಲಿ ಯಾರೋ ಕಿಸಕ್ಕೆಂದು ನಕ್ಕರು.

ಇರಣ್ಣನವರು ಸಿಕ್ಕಿದ್ದು ಸಂಜೆ ನಾಲ್ಕಕ್ಕೆ, ಮೂರು ಕಿಲೋಮೀಟರ್ ಆಚೆ, ಹೊಸದಾಗಿ ಏಳುತ್ತಿದ್ದ ಒಂದು ಕಟ್ಟಡದ ಬಳಿ. ಅದರ ತಗಡಿನ ಬೇಲಿಯ ಸುತ್ತ ಬಿಸಿಲಿನಲ್ಲಿ ಹೆಜ್ಜೆ ಎಣಿಸುತ್ತಿದ್ದ ಮುದುಕನನ್ನು ಸುರಪುರದ ಕಡೆಯ ಕಾಂಕ್ರೀಟ್ ಕೆಲಸದವನು ಅಮರಪ್ಪ ಕಂಡು, ನೆರಳಿಗೆ ಕೂರಿಸಿ, ತನ್ನ ಬುತ್ತಿಯ ರೊಟ್ಟಿ ಕೊಟ್ಟಿದ್ದ. ಕಮಲಮ್ಮ ಗಂಡನ ಅಂಗಿಯ ಒಳಗೆ ಹೊಲಿದಿದ್ದ ಫೋನ್ ನಂಬರು ನೋಡಿ ಫೋನು ಮಾಡಿದ್ದೂ ಅವನೇ. ಇರಣ್ಣನವರ ಎರಡೂ ಅಂಗಾಲುಗಳಲ್ಲಿ ಬೊಬ್ಬೆ ಎದ್ದು ಒಡೆದಿದ್ದವು.

ಅಪ್ಪನನ್ನು ಮಲಗಿಸಿ ಬಂದ ಸೌಮ್ಯಾ ಲಿಫ್ಟಿನ ಬಳಿ ನಿಂತಿದ್ದ ಮಹಾನಂದಾಳನ್ನು ನೋಡಿದ್ದೇ ಸಿಡಿದುಬಿದ್ದಳು. “ಯಾರೋ ಗೊತ್ತಿಲ್ಲದ ಮನುಷ್ಯ ಹುಡುಕಿ ಕೊಟ್ಟ. ನಿಮ್ಮ ನಾಯಿ ಬೇಕರಿ ಹುಡುಕ್ತು! ದಡ್ಡ ನಾಯಿ ಅಂತ ಮೊದಲೇ ಹೇಳಿದ್ರೆ ನಾವು ಇಷ್ಟು ದಿನ ನಂಬ್ಕೊಂಡು ಕೂರ್ತಿರ್ಲಿಲ್ಲ. ನಾಳೆಯಿಂದ ಬರಬೇಡಿ.”

ಇಷ್ಟು ದಿನ ಮಹಾನಂದಾ ನುಂಗಿಕೊಂಡದ್ದೆಲ್ಲ ಒಮ್ಮೆಗೇ ಹೊರಗೆ ಬಂತು.

“ದಡ್ಡ ಅಲ್ರಿ ಅದು! ಮೂರು ಹೆಸರು ಇಟ್ಟೀರಿ. ದಿನಾ ಹೊಟ್ಟಿ ಬಿರಿಯೂ ಹಂಗ ತಿನ್ನಸ್ತೀರಿ, ತಿನ್ನೂದರಾಗ ಮಿದುಳಿಗೆ ಹೋಗೂದು ಒಂದು ಚೂರಿಲ್ಲ. ನಾ ಹೇಳಿದ್ದು ಯಾರೂ ಕೇಳಲಿಲ್ಲ. ಅದು ಬೇಕರಿ ಹುಡುಕಿತು, ಯಾಕಂದ್ರ ನೀವು ಕಲಿಸಿದ್ದು ಅದೊಂದ. ಬಿಸ್ಕೀಟಿನ ಪಾಠ ಚಲೋತ್ನಾಗ ಕಲತೈತಿ!”

ನಾಯಿಯ ಹಗ್ಗವನ್ನು ಬಾಗಿಲ ಹಿಡಿಕೆಗೆ ಸಿಕ್ಕಿಸಿ ಅವಳು ಮೆಟ್ಟಿಲಿಳಿದಳು, ಲಿಫ್ಟಿಗೂ ಕಾಯಲಿಲ್ಲ.

ಆಮೇಲಿನ ನಾಲ್ಕು ದಿನ ಅವಳಿಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಸರ್ಜಾಪುರದ ಕೋಣೆಯಲ್ಲಿ ಅನ್ನಕ್ಕಿಟ್ಟು ಮರೆತು ತಳ ಹಿಡಿಸಿದಳು. ಆಡಿದ್ದು ತಪ್ಪೆನಿಸಲಿಲ್ಲ, ಆಡಿದ ಹೊತ್ತು ತಪ್ಪೆನಿಸಿತು. ಆ ಮುದುಕನ ಅಂಗಾಲು ಕಣ್ಣ ಮುಂದೆ ಬರುತ್ತಿತ್ತು.

ಐದನೆಯ ದಿನ ಫೋನು ಬಂತು. ಕಮಲಮ್ಮ.

“ಮಾನಂದಾ, ಮೊಟ್ಟಿ ಎಷ್ಟೊತ್ತು ಕುದಸಬೇಕ?”

ಅವಳಿಗೆ ಕಿವಿ ತಪ್ಪಿತೇನೋ ಎನಿಸಿತು. “ಏನ್ರಿ ಅಮ್ಮಾರ?”

“ಮೊಟ್ಟಿ ಬೇ. ನೀರಾಗ ಇಟ್ಟೇನಿ. ಕುದಿಯಾಕತ್ತೈತಿ. ಒಡದು ಗಿಡದು ಮೈಮ್ಯಾಲ ಸಿಡೀತೈತೇನ?”

“ಇಲ್ರಿ, ಸಿಡಿಯೂದಿಲ್ಲ. ಹತ್ತು ನಿಮಿಷ ಬಿಡ್ರಿ. ಆಮ್ಯಾಲೆ ತಣ್ಣೀರಾಗ ಹಾಕ್ರಿ.”

ಕಮಲಮ್ಮ ಹೇಳಿದರು: “ಹಿಂದಿನ ಬಾಲ್ಕನ್ಯಾಗ, ಬಟ್ಟಿ ಮಷೀನ್ ಬಾಜೂಕ, ಹಳೇ ಕರೆಂಟಿನ ಒಲಿ ಇಟ್ಟೇನಿ. ಬೋಗುಣಿ ಬ್ಯಾರೆ, ಚಾಕು ಬ್ಯಾರೆ. ಮುಗಿದ ಮ್ಯಾಲ ಜಳಕ ಮಾಡ್ತೇನಿ. ಅವರ ಕಾಲಿಗೆ ಎಣ್ಣಿ ಹಚ್ಚುವಾಗ ವಿಚಾರ ಮಾಡಿದೆ. ನನ್ನ ಮಡಿ ನನ್ನ ಕೂಡ ಇರತೈತಿ, ಎಲ್ಲೂ ಹೋಗೂದಿಲ್ಲ. ಅವರು ಹೋಗಿಬಿಡತಾರ. ನೀ ಬಾ.”

“ಮೇಡಂ ಬ್ಯಾಡ ಅಂದಾರಲ್ರಿ.”

“ಮೊಟ್ಟಿ ತಂದು ಕೊಟ್ಟಾಕಿ ಅಕೀನ. ಬಾ ಅನ್ನಾಕ ಅಕೀಗೆ ಬಾಯಿಲ್ಲ.”

ಮಹಾನಂದಾ ಹೋದಳು. ಸೌಮ್ಯಾ ಬಾಗಿಲು ತೆರೆದು, “ಕಾಫಿ ಕುಡೀತೀರಾ?” ಎಂದಳು. ಕ್ಷಮೆಯ ಮಾತು ಬರಲಿಲ್ಲ, ಮಹಾನಂದಾ ಅದಕ್ಕೆ ಕಾಯಲೂ ಇಲ್ಲ. ಬಾಲ್ಕನಿಯಲ್ಲಿ ಕಮಲಮ್ಮ ಸಿಪ್ಪೆಯ ಜೊತೆ ಅರ್ಧ ಮೊಟ್ಟೆಯನ್ನೂ ಕಿತ್ತುಹಾಕಿ, ಮೂಗಿಗೆ ಸೆರಗು ಒತ್ತಿಕೊಂಡು ನಿಂತಿದ್ದರು.

ಮೊಟ್ಟೆ ಬಂದ ಮಾತ್ರಕ್ಕೆ ಮುಗಿಯಲಿಲ್ಲ, ಬಿಸ್ಕತ್ತು ಹೋಗಬೇಕಿತ್ತು. ಇರಣ್ಣನವರ ಕೈ ಹಿಡಿಯುವವರು ಯಾರು? ಮಹಾನಂದಾ ಆ ನಾಲ್ಕು ದಿನ ಇದನ್ನೇ ಯೋಚಿಸಿದ್ದಳು. ಅವರ ಕೈ ಹಿಡಿಯುವುದೇ ಬೇಡ. ನಾಯಿಯ ದಿನದ ಊಟವನ್ನು ಅಳೆದು, ಅದರಲ್ಲಿ ಅರ್ಧವನ್ನು ಕಡಲೆಕಾಳಿನಷ್ಟು ಚೂರು ಮಾಡಿ, ಒಂದು ಸ್ಟೀಲಿನ ಡಬ್ಬಿಗೆ ಹಾಕಿ ಅವರ ಜೇಬಿನಲ್ಲೇ ಇಟ್ಟಳು. ಬೇಕಾದಷ್ಟು ಸಲ ಉಣಿಸಲಿ. ಒಂದೇ ಕರಾರು, ನಾಯಿ ಕೂತರೆ ಮಾತ್ರ.

“ಅಜ್ಜಾರ, ಮೋತಿಗೆ ‘ಕೂಡು’ ಅನ್ರಿ. ಕೂತ ಮ್ಯಾಲ ಕೊಡ್ರಿ.”

“ನೀ ಯಾರ ಮಗಳು?” ಎಂದರು ಇರಣ್ಣನವರು.

“ಮುಧೋಳದ ಕಡಿಯಾಕಿ. ಮಹಾನಂದಾ ಅಂತ್ರಿ.”

“ಮುಧೋಳ ಸೀಮಿ ಜಮೀನು ಕರೀ ಮಣ್ಣು,” ಎಂದು ಅವರು ಗಂಭೀರವಾಗಿ ತಲೆಯಾಡಿಸಿ, ನಾಯಿಯ ಕಡೆ ತಿರುಗಿದರು. “ಮೋತಿ, ಕೂಡು.”

ನಾಯಿ ಕೂಡಲಿಲ್ಲ. ಮೊದಲ ದಿನ ಕೂಡಲಿಲ್ಲ, ಎರಡನೆಯ ದಿನವೂ ಕೂಡಲಿಲ್ಲ. ಇರಣ್ಣನವರು ಪಾಠ ಮರೆತು ಸುಮ್ಮನೆ ಕೊಟ್ಟುಬಿಡುತ್ತಿದ್ದರು. ಮಹಾನಂದಾ ಮತ್ತೆ ಹೇಳುತ್ತಿದ್ದಳು, ಅವರು ಮತ್ತೆ “ನೀ ಯಾರ ಮಗಳು?” ಎನ್ನುತ್ತಿದ್ದರು. ಒಂದು ಬೆಳಿಗ್ಗೆಗೆ ಇಪ್ಪತ್ತು ಸಲ. ಹಲ್ಲು ಕಡಿದು ಕಡಿದು ಅವಳ ದವಡೆ ನೋಯುತ್ತಿತ್ತು. ವಾರಕ್ಕೆ ಮೂರು ದಿನ ಕೋಣೆಯಲ್ಲಿ ಬೂತಾಯಿ ಮೀನು ಬೇಯಿಸಿ, ಮುಳ್ಳು ತೆಗೆದು, ಕುಂಬಳಕಾಯಿಯ ಜೊತೆ ಕಲಸಿ ತರುತ್ತಿದ್ದಳು. ಅದು ಬಾಲ್ಕನಿ ದಾಟಿ ಒಳಗೆ ಬರುವ ಹಾಗಿರಲಿಲ್ಲ. ಪಕ್ಕದ ಮನೆಯವರು ವಾಸನೆ ಎಂದು ದೂರು ಕೊಟ್ಟರು. ಕಮಲಮ್ಮನ ಅಕ್ಕ ಬ್ಯಾಡಗಿಯಿಂದ ಬಂದವರು, ವಿಷಯ ತಿಳಿದು ಊಟ ಮಾಡದೆ ಹೋದರು. ಅಂದು ಕಮಲಮ್ಮ ಅತ್ತರು. ಮಾರನೆಯ ದಿನ ಮತ್ತೆ ಮೊಟ್ಟೆಗೆ ನೀರಿಟ್ಟರು.

ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ, ಇರಣ್ಣನವರು “ಕೂಡು” ಎನ್ನುತ್ತಲೇ ನಾಯಿ ಕೂತಿತು. ಅವರಿಗೆ ಅದು ದೊಡ್ಡದೆನಿಸಲಿಲ್ಲ, ಚೂರು ಕೊಟ್ಟು ಹೊರಗೆ ನೋಡಿದರು. ಮತ್ತೆ ತಿರುಗಿದರು. “ಮೋತಿ! ಕೂಡು.” ಕೂತಿತು. ಅವರಿಗೆ ಬೇಸರವೆಂಬುದೇ ಇರಲಿಲ್ಲ, ಪ್ರತಿ ಸಲವೂ ಮೊದಲ ಸಲ. ಮಹಾನಂದಾ ಎಷ್ಟು ನಾಯಿಗಳಿಗೆ ಪಾಠ ಹೇಳಿದ್ದಳೋ, ಆದರೆ ಒಂದೇ ಮಾತನ್ನು ದಿನಕ್ಕೆ ಅರವತ್ತು ಸಲ ಅಷ್ಟೇ ಅಕ್ಕರೆಯಿಂದ ಹೇಳುವ ತಾಳ್ಮೆ ಅವಳಿಗೆಂದೂ ಇರಲಿಲ್ಲ. ಸೌಮ್ಯಾ ಒಂದು ದಿನ ತಾನೂ ಬಾಗಿಲಲ್ಲಿ ನಿಂತು “ಮೋತಿ” ಎಂದು ಕರೆದಳು. ನಾಯಿ ಬಂತು. ‘ಬ್ರೌನಿ’ ಎಂದು ಕೆತ್ತಿಸಿದ್ದ ಬಿಲ್ಲೆಯನ್ನು ಅವಳೇ ಬಿಚ್ಚಿದಳು.

ಮೂರು ತಿಂಗಳು ಕಳೆಯಿತು. ನಾಯಿಯ ಕೂದಲು ನುಣುಪಾಗಿ, ಹೊಟ್ಟೆ ಒಳಸರಿದು, ಕಣ್ಣು ಚುರುಕಾಗಿತ್ತು. ಕೂಡು, ನಿಲ್ಲು, ಬಾ ಎನ್ನುವುದು ಬರುತ್ತಿತ್ತು. ಇರಣ್ಣನವರು ಗೇಟು ದಾಟಹೋದರೆ ಅಡ್ಡ ನಿಂತು ಬೊಗಳುವ ಪಾಠ ಈಚೆಗೆ ಶುರುವಾಗಿತ್ತು. ಟವೆಲ್ಲು ಮೂಸಿಸಿದರೆ ಅಪಾರ್ಟ್‌ಮೆಂಟಿನ ಒಳಗೆ ಇರಣ್ಣನವರು ಎಲ್ಲಿದ್ದರೂ ಹುಡುಕುತ್ತಿತ್ತು. ಗೇಟಿನ ಹೊರಗೆ ಮಾತ್ರ ಸೋಲುತ್ತಿತ್ತು. ಮುಖ್ಯರಸ್ತೆಗೆ ಬಂದ ಕೂಡಲೇ ಬಸ್ಸಿನ ಹೊಗೆ, ಕರಿದ ಎಣ್ಣೆ, ಸಾವಿರ ಕಾಲುಗಳ ವಾಸನೆಯಲ್ಲಿ ಸುಳಿವು ತಪ್ಪಿ, ಮೂಗೆತ್ತಿ ಗೋಳಾಡುತ್ತ ನಿಲ್ಲುತ್ತಿತ್ತು. ಐದು ಸಲ ಪರೀಕ್ಷೆ ಮಾಡಿದರೆ ಐದೂ ಸಲ ಅಲ್ಲೇ ಸೋಲು. “ಇನ್ನೂ ಆರು ತಿಂಗಳು,” ಎಂದಳು ಮಹಾನಂದಾ. ಸೌಮ್ಯಾ ಈ ಸಲ ವಾದಿಸಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಮಹಾನಂದಾ ಸ್ಕೂಟಿ ನಿಲ್ಲಿಸುವಷ್ಟರಲ್ಲಿ ಹಿಂದಿನ ಗೇಟಿನ ಕಡೆಯಿಂದ ಬೊಗಳು ಕೇಳಿಸಿತು, ಒಂದೇ ಸಮನೆ, ಉಸಿರು ಬಿಡದೆ. ಓಡಿದಳು. ಕಸದ ಗಾಡಿಗೆ ಗೇಟು ತೆರೆದಿತ್ತು. ಇರಣ್ಣನವರು ಹೊಸ್ತಿಲಲ್ಲಿ ನಿಂತಿದ್ದರು. ಅವರ ಮುಂದೆ ಅಡ್ಡಲಾಗಿ, ಕೊರಳ ಹಗ್ಗ ನೆಲಕ್ಕೆ ಬಿದ್ದ ಮೋತಿ. ಅವರು ಎಡಕ್ಕೆ ಸರಿದರೆ ಅದೂ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ.

“ಸರೀ! ಸರೀ ಹೇಳ್ತೀನಿ! ತಹಶೀಲ್ದಾರ್ರು ಕಾಯಾಕತ್ತಾರ!” ಇರಣ್ಣನವರು ಕೋಲೆತ್ತಿ ನಾಯಿಯ ಬೆನ್ನಿಗೆ ಒಂದು ಏಟು ಹಾಕಿದರು. ಮೋತಿ ಕುಂಯ್ ಎಂದಿತು, ಸರಿಯಲಿಲ್ಲ. ಬೊಗಳು ನಿಲ್ಲಿಸಲಿಲ್ಲ.

ಮೇಲಿನಿಂದ ಕಮಲಮ್ಮ, ಸೌಮ್ಯಾ ಇಬ್ಬರೂ ಓಡಿ ಬಂದರು. ಕಮಲಮ್ಮ ಗಂಡನ ಕೈಯಿಂದ ಕೋಲು ತೆಗೆದುಕೊಂಡು, “ಇವತ್ತ ರಜಾ ಐತ್ರಿ. ತಹಶೀಲ್ದಾರ್ರು ಊರಾಗಿಲ್ಲ,” ಎಂದರು. ಅವರು ನಂಬಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, “ಯಾರೂ ನನ್ನ ಕೆಲಸಕ್ಕ ಬಿಡವಲ್ರು, ನಾಯೀನೂ ಬಿಡವಲ್ದು,” ಎಂದರು. ಹೆಂಡತಿ ಅವರನ್ನು ಕಲ್ಲುಬೆಂಚಿನ ಮೇಲೆ ಕೂರಿಸಿದರು.

ಮಹಾನಂದಾ ನಾಯಿಯ ಬೆನ್ನು ಸವರಿ ನೋಡಿದಳು. ಪೆಟ್ಟು ಜೋರಾಗಿರಲಿಲ್ಲ. ಖುಷಿಪಡಬೇಕಾದ ದಿನ, ಖುಷಿ ಮಾತ್ರ ಬರಲಿಲ್ಲ.

ಸೌಮ್ಯಾ ಪಕ್ಕಕ್ಕೆ ಬಂದು ನಿಂತಳು. ಯಾರಿಗೂ ಕೇಳಿಸಬಾರದೆಂಬಂತೆ ಕೇಳಿದಳು: “ಮಹಾನಂದಾ, ಮೀನು, ಮೊಟ್ಟೆ… ಅಪ್ಪಂಗೂ ಕೊಟ್ರೆ? ಅಮ್ಮ ಈಗ ಬೇಡ ಅನ್ನಲ್ಲ ಅನ್ಸುತ್ತೆ. ನಾಯಿ ಇಷ್ಟು ಬದಲಾಯ್ತಲ್ಲ…”

ಮಹಾನಂದಾಳಿಗೆ ಒಂದು ಸುಳ್ಳು ಹೇಳಿಬಿಡಬೇಕೆನಿಸಿತು. ನಾಲಿಗೆಯ ತುದಿಗೂ ಬಂತು.

“ಇದು ಬೆಳಿಯೂ ಮರಿ ಇತ್ತು ಅಕ್ಕಾರ,” ಎಂದಳು ಕೊನೆಗೆ. “ಅಜ್ಜಾರದ್ದು ಡಾಕ್ಟರ್‍ನ ಕೇಳ್ರಿ. ನನಗ ಗೊತ್ತಿಲ್ಲ.”

ಸೌಮ್ಯಾ ತಲೆಯಾಡಿಸಿದಳು. ಉತ್ತರ ಮೊದಲೇ ಗೊತ್ತಿದ್ದವರ ಹಾಗೆ. ಆಮೇಲೆ ಕಣ್ಣೊರೆಸಿಕೊಂಡು, ಒಂಬತ್ತೂವರೆಗೆ ಮೀಟಿಂಗಿದೆ ಎಂದು ಮೇಲೆ ಹೋದಳು.

ಬೆಂಚಿನ ಮೇಲೆ ಇರಣ್ಣನವರು ಆಗಲೇ ಶಾಂತರಾಗಿದ್ದರು. ಅತ್ತದ್ದು, ಹೊಡೆದದ್ದು ಯಾವುದೂ ಮುಖದ ಮೇಲೆ ಉಳಿದಿರಲಿಲ್ಲ. ಕಮಲಮ್ಮ ಅವರ ಪಾದದಲ್ಲಿ ಚಪ್ಪಲಿ ಸರಿಮಾಡುತ್ತಿದ್ದರು. ಮೋತಿ ಸ್ವಲ್ಪ ದೂರದಲ್ಲಿ ನಿಂತು, ಹತ್ತಿರ ಹೋಗಲೋ ಬೇಡವೋ ಎಂದು ಅಳುಕುತ್ತಿತ್ತು. ಮಹಾನಂದಾ ಅದರ ಹಗ್ಗ ಬಿಚ್ಚಿದಳು. ನಾಯಿ ಒಂದೊಂದೇ ಹೆಜ್ಜೆ ಇಟ್ಟು ಹೋಗಿ, ಯಾರೂ ಹೇಳದೆಯೇ, ಮುದುಕನ ಪಕ್ಕ ಕೂತಿತು.